ಕಾರಿನ ಎಂಜಿನ್‌ನ ಥ್ರಾಟಲ್ ಬಾಡಿ ಜೋಡಣೆಯಲ್ಲಿ ಮಾರ್ಪಾಡು: ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ಪೆಟ್ರೋಲ್ ಕಾರುಗಳಲ್ಲಿ ಎಂಜಿನ್‌ಗೆ ಹೋಗುವ ಗಾಳಿಯ ಪ್ರಮಾಣವನ್ನು ನಿಯಂತ್ರಿಸುವ ಭಾಗವೇ ಥ್ರಾಟಲ್ ಬಾಡಿ. ಎಂಜಿನ್‌ನ ಶಕ್ತಿ ಹೆಚ್ಚಿಸುವ ಉದ್ದೇಶದಿಂದ ಕೆಲವರು ದೊಡ್ಡ ವ್ಯಾಸದ ಥ್ರಾಟಲ್ ಬಾಡಿಯನ್ನು ಅಡಾಪ್ಟರ್ ಪ್ಲೇಟ್ ಮೂಲಕ ಕೂರಿಸುತ್ತಾರೆ ಅಥವಾ ಸ್ಪೇಸರ್ ಅಳವಡಿಸುತ್ತಾರೆ. ಇಂತಹ ಮಾರ್ಪಾಡಿನ ಪರಿಣಾಮಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾರ್ಯವಿಧಾನ

ಥ್ರಾಟಲ್ ಬಾಡಿಯು ಇನ್‌ಟೇಕ್ ಮ್ಯಾನಿಫೋಲ್ಡ್‌ನ ಮುಖಕ್ಕೆ ಗ್ಯಾಸ್ಕೆಟ್ ಸಹಿತ ಬೋಲ್ಟ್‌ಗಳಿಂದ ಬಂಧಿಸಲ್ಪಟ್ಟಿರುತ್ತದೆ. ಈ ಜೋಡಣೆಯಲ್ಲಿ ಸಂದು ಉಂಟಾದಲ್ಲಿ ಹೊರಗಿನ ಗಾಳಿ ಒಳಸೇರುತ್ತದೆ. ಥ್ರಾಟಲ್‌ಗೆ ಮುಂಚಿತವಾಗಿ ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಎಂಜಿನ್‌ಗಳಲ್ಲಿ ಈ ಗಾಳಿಯು ಅಳತೆಗೆ ಸಿಗದೆ, ಮಿಶ್ರಣದಲ್ಲಿ ಇಂಧನದ ಪಾಲು ಕಡಿಮೆಯಾಗುತ್ತದೆ. ಮ್ಯಾನಿಫೋಲ್ಡ್‌ನ ಒತ್ತಡವನ್ನು ಅಳೆಯುವ ಎಂಜಿನ್‌ಗಳಲ್ಲಿ ಐಡ್ಲಿಂಗ್ ವೇಗ ಏರುತ್ತದೆ. ಆಕ್ಸಿಜನ್ ಸೆನ್ಸರ್‌ನ ನೆರವಿನಿಂದ ಮಿಶ್ರಣವು ಒಂದು ಮಿತಿಯವರೆಗೆ ಮಾತ್ರ ಸರಿಪಡಿಸಲ್ಪಡುತ್ತದೆ.

ದೊಡ್ಡ ಥ್ರಾಟಲ್ ಅಳವಡಿಸಿದಾಗ ಪೆಡಲ್ ಸ್ವಲ್ಪವೇ ಒತ್ತಿದರೂ ಹೆಚ್ಚು ಗಾಳಿ ಹೋಗುವುದರಿಂದ ಕಾರು ಚುರುಕಾದಂತೆ ಭಾಸವಾಗುತ್ತದೆ. ಏರ್ ಫಿಲ್ಟರ್, ಮ್ಯಾನಿಫೋಲ್ಡ್ ಮತ್ತು ವಾಲ್ವ್‌ಗಳು ಮೊದಲಿನಂತೆಯೇ ಇದ್ದಲ್ಲಿ ಗರಿಷ್ಠ ಶಕ್ತಿಯು ಸಾಮಾನ್ಯವಾಗಿ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ.

ಸುರಕ್ಷತೆಯ ಅಂಶಗಳು

1. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತವು ಮ್ಯಾನಿಫೋಲ್ಡ್‌ನಿಂದಲೇ ದೊರೆಯುತ್ತದೆ. ಗಾಳಿಯ ಸೋರಿಕೆ ಹೆಚ್ಚಾದಲ್ಲಿ ನಿರ್ವಾತ ಕುಗ್ಗಿ, ಬ್ರೇಕ್ ಪೆಡಲನ್ನು ಹೆಚ್ಚು ಬಲದಿಂದ ಒತ್ತಬೇಕಾಗುತ್ತದೆ.

2. ಸ್ಪೇಸರ್ ಅಥವಾ ಗ್ಯಾಸ್ಕೆಟ್‌ನ ಅಂಚು ಒಳಕ್ಕೆ ಚಾಚಿದ್ದಲ್ಲಿ, ತೆರೆದ ಥ್ರಾಟಲ್ ವಾಲ್ವ್ ಅದಕ್ಕೆ ತಗುಲಿ ಸಿಕ್ಕಿಕೊಳ್ಳಬಹುದು. ಕೇಬಲ್ ಬ್ರ್ಯಾಕೆಟ್‌ನ ಸ್ಥಾನ ಬದಲಾದಲ್ಲಿ ಕೇಬಲ್ ಬಿಗಿಯಾಗಿ ಅಥವಾ ಬಾಗಿ, ವಾಲ್ವ್ ಪೂರ್ಣವಾಗಿ ಮುಚ್ಚದಿರಬಹುದು.

3. ವಿದ್ಯುನ್ಮಾನ ಥ್ರಾಟಲ್‌ಗಳಲ್ಲಿ ನಿಯಂತ್ರಣ ಘಟಕವನ್ನು ಮೂಲ ವ್ಯಾಸಕ್ಕೆ ಹೊಂದಿಸಲಾಗಿರುತ್ತದೆ. ವ್ಯತ್ಯಾಸವಾದಲ್ಲಿ ಎಚ್ಚರಿಕೆ ದೀಪ ಬೆಳಗಿ, ಎಂಜಿನ್‌ನ ಶಕ್ತಿ ಮಿತಿಗೊಳ್ಳಬಹುದು.

ಚಾಲನೆಯಲ್ಲಿ ಥ್ರಾಟಲ್ ಸಿಕ್ಕಿಕೊಂಡಲ್ಲಿ ಬ್ರೇಕನ್ನು ಪದೇ ಪದೇ ಒತ್ತಿ ಬಿಡದೆ ಒಂದೇ ಬಾರಿಗೆ ಗಟ್ಟಿಯಾಗಿ ಒತ್ತಿ ಹಿಡಿದು, ಗೇರನ್ನು ನ್ಯೂಟ್ರಲ್‌ಗೆ ತಂದು, ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸಿದ ನಂತರ ಎಂಜಿನ್ ಆರಿಸತಕ್ಕದ್ದು.

ಕಾನೂನಿನ ಅವಕಾಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಅನ್ವಯ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಸಿ.ಎನ್.ಜಿ., ಎಲ್.ಪಿ.ಜಿ. ಮುಂತಾದ ಬೇರೆ ಇಂಧನಕ್ಕೆ ಪರಿವರ್ತಿಸಲು ನಿಯಮಗಳಲ್ಲಿನ ಷರತ್ತುಗಳಿಗೆ ಒಳಪಟ್ಟು ಅವಕಾಶವಿದೆ.

2019ರ ತಿದ್ದುಪಡಿಯಿಂದ ಸೇರಿಸಲಾದ ಪ್ರಕರಣ 182ಎ(4)ರಂತೆ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಥ್ರಾಟಲ್‌ನ ವ್ಯಾಸವು ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗುವುದಿಲ್ಲ. ಆದರೂ, ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 115ರ ಹೊಗೆ ಮಿತಿಗಳನ್ನು ವಾಹನವು ಪಾಲಿಸಲೇಬೇಕು. ಭಾರತ್ ಸ್ಟೇಜ್-4 ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿಯು ಶೇ. 0.3 ಆಗಿದೆ. ಮಾಲಿನ್ಯ ಮಾನದಂಡಗಳ ಉಲ್ಲಂಘನೆಯು ಪ್ರಕರಣ 190(2)ರಡಿ ಶಿಕ್ಷಾರ್ಹ.

ದುರಸ್ತಿ ಸಂದರ್ಭದಲ್ಲಿ ಗಮನಿಸಬೇಕಾದ ಅಂಶಗಳು

ಹಾಳಾದ ಥ್ರಾಟಲ್ ಬಾಡಿಯನ್ನು ಅದೇ ಮಾದರಿಯ ಬಿಡಿಭಾಗದಿಂದ ಬದಲಾಯಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಆ ಸಂದರ್ಭದಲ್ಲಿ:

* ಹೊಸ ಗ್ಯಾಸ್ಕೆಟ್ ಬಳಸುವುದು.
* ತಯಾರಕರ ಕೈಪಿಡಿಯಲ್ಲಿನ ಬಿಗಿತಕ್ಕನುಸಾರವಾಗಿ ಬೋಲ್ಟ್‌ಗಳನ್ನು ಬಿಗಿಗೊಳಿಸುವುದು. ಪ್ಲಾಸ್ಟಿಕ್ ಮ್ಯಾನಿಫೋಲ್ಡ್‌ಗಳು ಅತಿ ಬಿಗಿತದಿಂದ ಬಿರುಕು ಬಿಡಬಹುದು.
* ಎಂಜಿನ್ ಚಾಲೂ ಮಾಡುವ ಮೊದಲು ಥ್ರಾಟಲ್ ವಾಲ್ವ್ ಸರಾಗವಾಗಿ ತೆರೆದು ಮುಚ್ಚುವುದನ್ನು ಖಚಿತಪಡಿಸಿಕೊಳ್ಳುವುದು.
* ಕೆಲಸ ಮುಗಿದ ನಂತರ ಹೊಗೆ ತಪಾಸಣೆ ಮಾಡಿಸುವುದು.

ಯಾವುದೇ ಮಾರ್ಪಾಡು ಕೈಗೊಳ್ಳುವ ಮುನ್ನ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು.