ಹಳ್ಳಕ್ಕೆ ಜಾಗ ಎಷ್ಟು? ಪುಣೆಯ ಆಂಬಿಲ್ ಓಢಾದ ಕತೆ

ಪುಣೆಯವರಿಗೆ ಪ್ರವಾಹವೆಂದರೆ ಬಹುಕಾಲ ಒಂದೇ ದಿನಾಂಕ ನೆನಪಾಗುತ್ತಿತ್ತು: 1961ರ ಜುಲೈ 12. ಅಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಹಳೆಯ ಪೇಟೆಗಳಿಗೆ ನುಗ್ಗಿತ್ತು. 2019ರ ಸೆಪ್ಟೆಂಬರ್ 25ರ ರಾತ್ರಿ ಆ ಪಟ್ಟಿಗೆ ಇನ್ನೊಂದು ದಿನಾಂಕ ಸೇರಿತು. ಈ ಸಲ ಅಣೆಕಟ್ಟು ಒಡೆದಿರಲಿಲ್ಲ, ಉಕ್ಕಿದ್ದು ದೊಡ್ಡ ನದಿಯೂ ಅಲ್ಲ. ದಕ್ಷಿಣದ ಕಾತ್ರಜ್ ಗುಡ್ಡಗಳ ಕಡೆ ಕೆಲವು ಗಂಟೆ ಸುರಿದ ಮಳೆಗೆ, ವರ್ಷದ ಬಹುಪಾಲು ದಿನ ಕೊಳಚೆ ಕಾಲುವೆಯಂತೆ ಕಾಣುವ ಒಂದು ಹಳ್ಳ ಎದ್ದು ಬಂತು. ಸಹಕಾರನಗರ, ಅರಣ್ಯೇಶ್ವರ, ದಾಂಡೇಕರ್ ಸೇತುವೆಯ ಸುತ್ತಮುತ್ತ ಗೋಡೆಗಳು ಬಿದ್ದವು, ವಾಹನಗಳು ತೇಲಿಹೋದವು. ನಗರ ಮತ್ತು ಆಸುಪಾಸಿನಲ್ಲಿ 20ಕ್ಕೂ ಹೆಚ್ಚು ಜನ ಸತ್ತರು.

ಆ ಹಳ್ಳದ ಹೆಸರು ಆಂಬಿಲ್ ಓಢಾ. ಓಢಾ ಎಂದರೆ ಮರಾಠಿಯಲ್ಲಿ ಹಳ್ಳ, ತೊರೆ. ಆಂಬೀಲ್ ಎಂದರೆ ಹುಳಿ ಬರಿಸಿದ ಹಿಟ್ಟಿನ ಗಂಜಿ, ನಮ್ಮ ಅಂಬಲಿ. ಹೆಸರಿನಲ್ಲಿ ಇಷ್ಟು ಸಾಧುವಾದ ಈ ನೀರಿನ ಇತಿಹಾಸ ಮಾತ್ರ ಅಷ್ಟು ಸರಳವಲ್ಲ. ಇಂದು ಅದು ಹರಿಯುತ್ತಿರುವುದು ಅದರ ಹುಟ್ಟು ದಾರಿಯಲ್ಲೂ ಅಲ್ಲ.

ಪೇಶ್ವೆಗಳ ಕಾಲಕ್ಕೆ ಮೊದಲು ಓಢಾ ಊರಿನ ಮಧ್ಯದಲ್ಲೇ ಹಾದು ಮುಠಾ ನದಿಗೆ ಸೇರುತ್ತಿತ್ತು. 1740ರಿಂದ 1761ರವರೆಗೆ ಆಳಿದ ನಾನಾಸಾಹೇಬ್ ಪೇಶ್ವೆ ಪುಣೆಯನ್ನು ರಾಜಧಾನಿಗೆ ತಕ್ಕಂತೆ ಬೆಳೆಸಲು ಹೊರಟಾಗ ಈ ಹಳ್ಳದ ಮೇಲೆ ಎರಡು ಕಡೆ ಕೈಯಿಟ್ಟ. ಮೊದಲನೆಯದು ಕಾತ್ರಜ್‌ನಲ್ಲಿ. ಅಲ್ಲಿ ಒಡ್ಡು ಕಟ್ಟಿ ಕೆರೆ ಮಾಡಿ, ನೆಲದಡಿಯ ಕಲ್ಲಿನ ಕಾಲುವೆಯಲ್ಲಿ ನೀರನ್ನು ಶನಿವಾರವಾಡಾದವರೆಗೆ ಹರಿಸಲಾಯಿತು. ಪಂಪಿಲ್ಲ, ಯಂತ್ರವಿಲ್ಲ, ನೆಲದ ಇಳಿಜಾರೇ ಶಕ್ತಿ. ದಾರಿಯುದ್ದಕ್ಕೂ ಪೇಟೆಗಳಲ್ಲಿ ಸಾರ್ವಜನಿಕ ತೊಟ್ಟಿಗಳಿದ್ದವು. ಉತ್ತರ ಕರ್ನಾಟಕದವರು ಹೌದ ಎನ್ನುವ ತೊಟ್ಟಿಗೆ ಅಲ್ಲೂ ಹೌದ್ ಎಂದೇ ಹೆಸರು. ಬುಧವಾರ ಪೇಟೆಯ ಕಾಳಾ ಹೌದ್ ಅವುಗಳಲ್ಲೊಂದು.

ಎರಡನೆಯದು ಪರ್ವತಿ ಗುಡ್ಡದ ಬುಡದಲ್ಲಿ. ಅಲ್ಲಿಯೂ ಒಡ್ಡು ಹಾಕಿ ಕೆರೆ ಮಾಡಿ, ಹಳ್ಳವನ್ನು ಪಶ್ಚಿಮಕ್ಕೆ ತಿರುಗಿಸಲಾಯಿತು. ಊರೊಳಗಿನ ಹಳೆಯ ಪಾತ್ರ ಒಣಗಿ ಪೇಟೆ ಬೆಳೆಯಲು ಜಾಗ ಸಿಕ್ಕಿತು. ಕೆರೆಯ ನಡುವಿನ ದ್ವೀಪದಲ್ಲಿ 1784ರಲ್ಲಿ ಸವಾಯಿ ಮಾಧವರಾವ್ ಗಣಪತಿಯನ್ನು ಪ್ರತಿಷ್ಠಾಪಿಸಿದ. ಜನ ಅದನ್ನು ಇಂದಿಗೂ ಕೆರೆಯೊಳಗಿನ ಗಣಪತಿ ಎಂದೇ ಕರೆಯುತ್ತಾರೆ. ಕೆರೆ ಮಾತ್ರ ಇಲ್ಲ. ಅದರ ಅಂಗಳವೇ ಇಂದಿನ ಸಾರಸ್‌ಬಾಗ್ ಉದ್ಯಾನ.

ಪೇಶ್ವೆಯ ಕೆಲಸವನ್ನು ಆದರ್ಶವೆಂದು ಹೊಗಳಬೇಕಿಲ್ಲ. ಅದು ಅರಸೊತ್ತಿಗೆಯ ಅಪ್ಪಣೆ; ಹಳ್ಳದ ದಂಡೆಯವರನ್ನು ಕೇಳಿ ಮಾಡಿದ್ದಲ್ಲ. ಆದರೆ ಆ ಯೋಜನೆಯಲ್ಲಿ ಒಂದು ಲೆಕ್ಕವಿತ್ತು. ನೀರಿನ ದಾರಿ ಬದಲಿಸಿದಾಗ ನೀರು ನಿಲ್ಲುವುದಕ್ಕೂ ಜಾಗ ಇಟ್ಟಿದ್ದರು: ಮೇಲೊಂದು ಕೆರೆ, ಕೆಳಗೊಂದು ಕೆರೆ.

ಇಂದು ಅಪ್ಪಣೆಯ ಜಾಗಕ್ಕೆ ಅನುಮತಿ ಪತ್ರ ಬಂದಿದೆ. ಮಹಾರಾಷ್ಟ್ರದ 2020ರ ಏಕೀಕೃತ ಅಭಿವೃದ್ಧಿ ನಿಯಮಗಳ ಪ್ರಕಾರ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಕ್ಕೆ ಮಳೆನೀರು ಕೊಯ್ಲು ಕಡ್ಡಾಯ. ನಾಲೆಯಿಂದ ಇಂತಿಷ್ಟು ದೂರ ಬಿಡಬೇಕು. ದಡ ಸ್ಪಷ್ಟವಿಲ್ಲದ ತಗ್ಗಿನಲ್ಲಿ ಸಣ್ಣ ಹರಿವಿದ್ದರೆ, ಪ್ರಾಧಿಕಾರ ಹೇಳಿದ ಅಳತೆ ಮತ್ತು ದಾರಿಗೆ ಅದನ್ನು ಕಟ್ಟಿಹಾಕಲು ಅವಕಾಶವೂ ಇದೆ. ಅಂದರೆ ಒಂದು ಕಾಲಕ್ಕೆ ಪೇಶ್ವೆ ಮಾತ್ರ ಮಾಡಬಹುದಾಗಿದ್ದ ಕೆಲಸಕ್ಕೆ ಈಗ ಅರ್ಜಿ ಹಾಕಬಹುದು.

ತೊಡಕಿರುವುದು ಇಲ್ಲೇ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 500 ಚದರ ಮೀಟರಿನ ತಾರಸಿಯ ಮೇಲೆ 50 ಮಿಲಿಮೀಟರ್ ಸುರಿದರೆ 25,000 ಲೀಟರ್. ಮಣ್ಣಿದ್ದಲ್ಲಿ ಅದರಲ್ಲೊಂದು ಪಾಲು ಇಂಗುತ್ತದೆ, ಉಳಿದದ್ದು ತಡವಾಗಿ ಹಳ್ಳಕ್ಕೆ ಬರುತ್ತದೆ. ಕಾಂಕ್ರೀಟಾದರೆ ಹೆಚ್ಚುಕಡಿಮೆ ಎಲ್ಲವೂ ಒಮ್ಮೆಗೇ ಬರುತ್ತದೆ. ಇಂಗುಗುಂಡಿ ಜಿಟಿಜಿಟಿ ಮಳೆಯನ್ನು ನುಂಗೀತು. ಗಂಟೆಯೊಳಗೆ ಸುರಿಯುವ ಮಳೆಯಲ್ಲಿ ಅದು ಬೇಗ ತುಂಬುತ್ತದೆ. ಅನುಮತಿ ಕೊಡುವವರು ನೋಡುವುದು ಒಂದೊಂದೇ ನಿವೇಶನದ ನಕ್ಷೆಯನ್ನು, ಹಳ್ಳಕ್ಕೆ ಬರುವುದು ಎಲ್ಲ ನಿವೇಶನಗಳ ನೀರು. ಪ್ರತಿ ನಕ್ಷೆಯೂ ಸರಿಯಿದ್ದು ಒಟ್ಟು ಲೆಕ್ಕ ತಪ್ಪಬಹುದು.

ಈ ಜಗ್ಗಾಟ ಪುಣೆಯದು ಮಾತ್ರವಲ್ಲ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್, ರಾಜಕಾಲುವೆಗಳ ಪಕ್ಕ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಹೇಳಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಅಂತರ ನಿಗದಿಯಾಗುವುದು ಮಹಾಯೋಜನೆಯಿಂದ, ನ್ಯಾಯಮಂಡಳಿ ಅದನ್ನು ಬದಲಿಸುವಂತಿಲ್ಲ ಎಂದಿತು. ವಾದ ನಡೆದದ್ದು ಹಳ್ಳಕ್ಕೆ ಎಷ್ಟು ಜಾಗ ಬೇಕೆಂಬುದಕ್ಕಿಂತ ಹೆಚ್ಚಾಗಿ, ಅದನ್ನು ಹೇಳುವ ಅಧಿಕಾರ ಯಾರದೆಂಬುದರ ಮೇಲೆ.

ಆಂಬಿಲ್ ಓಢಾದ ಲೆಕ್ಕವನ್ನು ಕೊನೆಗೆ ತೆತ್ತವರು ಯಾರು? 2021ರ ಜೂನ್ 24ರಂದು, ಮಳೆಗಾಲದ ನಡುವೆ, ಕೊರೊನಾ ಇನ್ನೂ ಹೋಗಿರದಾಗ, ದಾಂಡೇಕರ್ ಸೇತುವೆ ಬಳಿ ಹಳ್ಳದ ದಂಡೆಯ ಮನೆಗಳನ್ನು ಪಾಲಿಕೆ ಕೆಡವತೊಡಗಿತು. ಜನ ಯಂತ್ರಗಳಿಗೆ ಅಡ್ಡ ನಿಂತರು. ಅದೇ ದಿನ ನ್ಯಾಯಾಲಯದಿಂದ ತಡೆಯಾಜ್ಞೆ ಬಂತು. ಹಳ್ಳಕ್ಕೆ ಜಾಗ ಬೇಕು ಎಂಬ ಮಾತು ಸುಳ್ಳಲ್ಲ. ದಂಡೆಯ ಮನೆಗಳಿಗೆ ಪ್ರವಾಹದ ಅಪಾಯವಿದ್ದದ್ದೂ ನಿಜ. ಆದರೆ ಹಳ್ಳವನ್ನು ಉಬ್ಬಿಸುವ ನೀರು ಮೇಲಿನ ತಾರಸಿಗಳಿಂದ, ರಸ್ತೆಗಳಿಂದ, ಪಾರ್ಕಿಂಗ್ ಅಂಗಳಗಳಿಂದಲೂ ಬರುತ್ತದೆ. ಅವುಗಳ ಬಳಿ ಅನುಮತಿ ಪತ್ರವಿದೆ. ಕೆಳಗಿನ ತಗಡಿನ ಮನೆಯ ಬಳಿ ಇಲ್ಲ. ಹಾಗಾಗಿ ಒತ್ತುವರಿ ಎಂಬ ಪದ ಕೆಳಗಿನವರಿಗೆ ಮಾತ್ರ ಅಂಟಿಕೊಂಡಿತು.

ಸಂಜೆ ಸಾರಸ್‌ಬಾಗಿನ ಹುಲ್ಲಿನ ಮೇಲೆ ಮಕ್ಕಳು ಓಡಾಡುವುದು ನೀರು ನಿಲ್ಲಲೆಂದು ಒಂದು ಕಾಲದಲ್ಲಿ ಬಿಟ್ಟಿದ್ದ ಜಾಗದಲ್ಲಿ. ಅದನ್ನು ಮತ್ತೆ ಕೆರೆ ಮಾಡಿ ಎಂದು ಯಾರೂ ಕೇಳಲಾರರು. ಆದರೆ ಕಾತ್ರಜ್‌ನಿಂದ ಮುಠಾದವರೆಗೆ ಇಡೀ ಹಳ್ಳಕ್ಕೆ ಒಂದೇ ಲೆಕ್ಕದ ಪುಸ್ತಕ ಇರಲಿ, ಪ್ರತಿ ಹೊಸ ನಕ್ಷೆಯ ನೀರು ಅದರಲ್ಲಿ ಜಮೆಯಾಗಲಿ ಎಂದು ಕೇಳಬಹುದು.