ಗಿರಣಿ, ಚಾಳು, ರಾತ್ರಿಶಾಲೆ: ಮುಂಬಯಿಯ ಸಂಪತ್ತು ಯಾರ ಅವಕಾಶವಾಯಿತು?

ಲಾಲ್‌ಬಾಗಿನಿಂದ ಲೋವರ್ ಪರೇಲಿನತ್ತ ನಡೆದು ಹೋಗುವವರಿಗೆ ಇಂದು ಎರಡು ಮುಂಬಯಿಗಳು ಒಟ್ಟಿಗೇ ಕಾಣಸಿಗುತ್ತವೆ. ಗಾಜಿನ ಗೋಪುರಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಗಿರಣಿಯ ಚಿಮಣಿ ಹೊಗೆಯಿಲ್ಲದೆ ನಿಂತಿದೆ. ಅದರ ಬುಡದಲ್ಲೇ ಒಂದೊಂದು ಕೋಣೆಯ ಚಾಳುಗಳು ಇನ್ನೂ ಉಸಿರಾಡುತ್ತಿವೆ. ನಗರ ಬೆಳೆದಿದೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ನಗರ ಬೆಳೆದ ಮಾತ್ರಕ್ಕೆ ಅದರಲ್ಲಿ ಬದುಕುವವನೂ ಬೆಳೆಯುತ್ತಾನೆಯೇ? ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರ ಹಿರಿಯರು ತಮ್ಮ ಬದುಕಿನಲ್ಲೇ ಉತ್ತರಿಸಬೇಕಾಗಿ ಬಂದ ಪ್ರಶ್ನೆ ಇದು.

ಮುಂಬಯಿಯ ಏಳಿಗೆಯ ಕಥೆ ಶಾಲಾಪುಸ್ತಕಗಳಿಂದಲೇ ಪರಿಚಿತ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಮರುವರ್ಷ ಕಾವಸ್‌ಜಿ ದಾವರ್ ನೂಲಿನ ಗಿರಣಿಯ ಕಂಪನಿ ಕಟ್ಟಿದರು. 1856ರಲ್ಲಿ ತಾಡದೇವದಲ್ಲಿ ಅದು ಕೆಲಸ ಆರಂಭಿಸಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಿದಾಗ ಲ್ಯಾಂಕಶೈರಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದೊಡನೆ ಸಟ್ಟಾವ್ಯಾಪಾರ ಕುಸಿದು ಅನೇಕ ಬ್ಯಾಂಕುಗಳು ಮುಳುಗಿದವು. ಆದರೂ ಬಂದರು ಉಳಿಯಿತು, ರೈಲು ಉಳಿಯಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದುಕೊಂಡ ಮೇಲೆ ಯುರೋಪು ಹತ್ತಿರವಾಯಿತು. ಮೂರು ದಶಕಗಳಲ್ಲಿ ಗಿರಣಗಾಂವ್ ಎಂಬ ಹೆಸರಿನ ಊರೇ ನಗರದ ಹೊಟ್ಟೆಯಲ್ಲಿ ಹುಟ್ಟಿಕೊಂಡಿತು.

ಆ ಸಂಪತ್ತಿನ ಒಳಗಿದ್ದ ಕೂಲಿಯವನ ಬದುಕು ಬೇರೆಯೇ. ರತ್ನಾಗಿರಿ, ಸಾತಾರಾಗಳಿಂದ ಬಂದವನಿಗೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಕೆಲಸ. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ 1890ರಲ್ಲಿ ಭಾನುವಾರದ ರಜೆ ದೊರೆಯಿತು. 1896ರಲ್ಲಿ ಪ್ಲೇಗು ಬಂದಾಗ ಜನ ಊರಿಗೆ ಓಡಿದರು; ಉಳಿದ ಕೆಲವರಿಗಾಗಿ ಗಿರಣಿಯವರು ಬೀದಿಯ ಮೂಲೆಗಳಲ್ಲಿ ನಿಂತು ಪೈಪೋಟಿಯಲ್ಲಿ ಕೂಲಿ ಕೂಗಬೇಕಾಯಿತು. ನಗರಕ್ಕೆ ತಾನೆಷ್ಟು ಬೇಕಾದವನೆಂದು ಕೂಲಿಯವನಿಗೆ ತಿಳಿದದ್ದು ಬಹುಶಃ ಆಗಲೇ. ವಿದ್ಯುದ್ದೀಪ ಬಂದದ್ದು ಪ್ರಗತಿಯೇ ಸರಿ. ಆದರೆ ಗಿರಣಿಯಲ್ಲಿ ಅದು ತಂದದ್ದು ಇನ್ನಷ್ಟು ಉದ್ದದ ದುಡಿಮೆಯನ್ನು. 1911ರ ಕಾಯಿದೆ ಗಂಡಾಳಿನ ದುಡಿಮೆಯನ್ನು ಹನ್ನೆರಡು ಗಂಟೆಗೆ, 1922ರದು ಹನ್ನೊಂದಕ್ಕೆ, 1934ರದು ಹತ್ತಕ್ಕೆ ಇಳಿಸಿತು. ಉಳಿದ ಗಂಟೆಗಳು ಅವನವಾದವು. ಅವಕಾಶವೆಂಬುದು ಮೊದಲು ಬರುವುದು ಬಿಡುವಿನ ರೂಪದಲ್ಲಿ.

ಎಲ್ಲರಿಗೂ ಬಾಗಿಲು ಒಂದೇ ಅಳತೆಯಲ್ಲಿ ತೆರೆಯಲಿಲ್ಲ ಎಂಬುದನ್ನೂ ಹೇಳಲೇಬೇಕು. ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗಕ್ಕೆ ದಲಿತರಿಗೆ ಪ್ರವೇಶವಿರಲಿಲ್ಲ. ಲಾಳಿಯೊಳಗಿನ ನೂಲನ್ನು ಬಾಯಿಯಿಂದ ಎಳೆದುಕೊಳ್ಳಬೇಕಿತ್ತು. ಅವರ ಎಂಜಲು ತಾಕಿದ ಲಾಳಿಯನ್ನು ಇತರರು ಮುಟ್ಟಲೊಪ್ಪಲಿಲ್ಲ. 1928ರ ಮಹಾಮುಷ್ಕರದ ಹೊತ್ತಿನಲ್ಲಿ ಡಾ. ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ಮುಖಂಡರ ಮುಂದೆಯೇ ಇಟ್ಟರು. ಪರೇಲಿನ ಚಾಳಿನಲ್ಲಿ ವರ್ಷಗಟ್ಟಲೆ ಬಾಳಿದ್ದ ಅವರಿಗೆ, ಯಂತ್ರ ಹೊಸದಾದರೂ ಅದರ ಮುಂದೆ ಯಾರು ನಿಲ್ಲಬೇಕೆಂದು ನಿರ್ಧರಿಸುವುದು ಹಳೆಯ ಊರೇ ಎಂಬುದು ಚೆನ್ನಾಗಿ ಗೊತ್ತಿತ್ತು.

ಕನ್ನಡಿಗರಿಗೆ ಮುಂಬಯಿ ಪರಸ್ಥಳವೆಂದು ನಾವು ಇಂದು ಭಾವಿಸುತ್ತೇವೆ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳಿಗೆ ಅದೇ ರಾಜಧಾನಿ. ಹೈಕೋರ್ಟು ಅಲ್ಲಿ, ಸಚಿವಾಲಯ ಅಲ್ಲಿ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಧಾರವಾಡದ ಪದವೀಧರನ ಪದವಿಯೂ ಮುಂಬಯಿಯದೇ. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರಾದರೋ ಹಡಗು ಹತ್ತಿ ಬಂದು ಹೋಟೆಲುಗಳಲ್ಲಿ ದುಡಿದರು. ಬಂದವರಿಗೆ ಬೇಕಾದದ್ದು ಮೂರು: ತಲೆಯ ಮೇಲೊಂದು ಸೂರು, ಕಷ್ಟಕಾಲಕ್ಕೆ ನಾಲ್ಕು ಕಾಸು, ಓದಲೊಂದು ಬೆಂಚು. ನಗರ ಇವನ್ನು ತಾನಾಗಿ ಕೊಡಲಿಲ್ಲ. ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ರೂಪುಗೊಂಡಿತು. ಸಂಬಳದ ಗುಮಾಸ್ತನೊಬ್ಬ ಬಡ್ಡಿಯವನ ಕೈಗೆ ಸಿಗದೆ, ಮನೆಮಾಲಿಕನ ಮರ್ಜಿಗೆ ಬೀಳದೆ ಬಾಳಬಹುದೆಂದು ಈ ಸಂಘಗಳು ತೋರಿಸಿಕೊಟ್ಟವು. ಅವು ಒಂದೇ ಸಮಾಜದವರ ಸಂಘಗಳಾಗಿದ್ದವೆಂಬುದು ಅವುಗಳ ಬಲವೂ ಹೌದು, ಮಿತಿಯೂ ಹೌದು.

ಬೆಂಚನ್ನು ಒದಗಿಸಿದ್ದು ರಾತ್ರಿಶಾಲೆ. ಹೊರನಾಡ ಕನ್ನಡದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅಧ್ಯಾಯವಿಲ್ಲವೆಂದು ನನ್ನ ಅನಿಸಿಕೆ. ಹಗಲೆಲ್ಲ ಮೇಜು ಒರೆಸಿದ, ಬಸಿ ತೊಳೆದ ಹುಡುಗ ಸಂಜೆ ಕೈಕಾಲು ತೊಳೆದು ಪುಸ್ತಕ ಹಿಡಿದು ಹೊರಟನು. ಊಟ ಹೋಟೆಲಿನಲ್ಲೇ, ಮಲಗುವುದೂ ಅಲ್ಲೇ. ಆದ್ದರಿಂದ ಸಂಬಳದ ಬಹುಪಾಲು ಊರಿನ ಮನಿಯಾರ್ಡರಿಗೆ ಹೋಗುತ್ತಿತ್ತು. ಹಾಗೆ ಓದಿದವರಲ್ಲಿ ಬ್ಯಾಂಕಿನ ಗುಮಾಸ್ತರಾದವರುಂಟು, ವಕೀಲರಾದವರುಂಟು, ಸ್ವಂತ ಹೋಟೆಲಿಟ್ಟವರುಂಟು, ಲೇಖಕರಾದವರುಂಟು. ಇದನ್ನು ಸುಂದರ ಕಥೆಯಾಗಿಸಿ ಮೈಮರೆಯಬಾರದು. ದುಡಿಯುತ್ತಿದ್ದವನು ಮಗು, ಬೆಂಚಿನ ಮೇಲೆ ತೂಕಡಿಸಿ ಅರ್ಧಕ್ಕೇ ಬಿಟ್ಟವರ ಹೆಸರುಗಳು ಯಾವ ಸ್ಮರಣಸಂಚಿಕೆಯಲ್ಲೂ ಇಲ್ಲ. ಹೆಣ್ಣುಮಕ್ಕಳಿಗಂತೂ ಈ ಏಣಿ ಬಹುತೇಕ ಎಟುಕಲೇ ಇಲ್ಲ.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ತೊಡಗಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಬಹಳಷ್ಟು ಮಂದಿ ಮರಳಿ ಒಳಹೋಗಲೇ ಇಲ್ಲ. ಗಿರಣಿಯ ಬಟ್ಟೆಗಿಂತ ಗಿರಣಿಯ ನೆಲಕ್ಕೆ ಬೆಲೆ ಹೆಚ್ಚಾಗಿತ್ತು. 1991ರ ನಿಯಮದಂತೆ ಆ ನೆಲದ ಮೂರನೆಯ ಒಂದರಷ್ಟು ಸಾರ್ವಜನಿಕ ಬಯಲಿಗೆ, ಇನ್ನೊಂದು ಪಾಲು ಸರಕಾರಿ ವಸತಿಗೆ ಸಲ್ಲಬೇಕಿತ್ತು. 2001ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಂದು ಶಬ್ದದ ಬದಲಾವಣೆಯಲ್ಲಿ ನಗರದ ಪಾಲು ಕರಗಿತು. ಅದೇ ನೆಲದ ಮೇಲೆ ಎದ್ದ ಗೋಪುರಗಳಲ್ಲಿ ಉದ್ಯೋಗಗಳು ಬೇಕಾದಷ್ಟಿವೆ. ಆದರೆ ಇಂಗ್ಲಿಷೂ ಪದವಿಯೂ ಇಲ್ಲದ ಗಿರಣಿಯವನ ಮಗನಿಗೆ ಅಲ್ಲಿ ಬಹುಮಟ್ಟಿಗೆ ದೊರೆತದ್ದು ಕಾವಲುಗಾರನ ಸಮವಸ್ತ್ರ.

ಹಾಗಾದರೆ ಹಿಂದಿನದೇ ಚೆನ್ನಾಗಿತ್ತೇ? ಖಂಡಿತ ಅಲ್ಲ. ಹನ್ನೆರಡು ಗಂಟೆಯ ದುಡಿಮೆಯನ್ನು, ಒಂದೇ ಕೋಣೆಯಲ್ಲಿ ಹತ್ತು ಜನರ ವಾಸವನ್ನು ಯಾರೂ ಮರಳಿ ಬಯಸಲಾರರು. ಈ ಚರಿತ್ರೆ ಕಲಿಸುವುದು ಇಷ್ಟೇ: ಬಂದರು, ರೈಲು, ಹತ್ತಿಗಳು ನಗರವನ್ನು ಶ್ರೀಮಂತಗೊಳಿಸಿದವು, ಆ ಸಿರಿಯನ್ನು ಸಾಮಾನ್ಯನ ಕೈಗೆ ಎಟುಕಿಸಿದ್ದು ಭಾನುವಾರದ ರಜೆ, ಪತ್ತಿನ ಸಂಘ, ರಾತ್ರಿಶಾಲೆಗಳಂಥ ಸಣ್ಣ ಸಂಗತಿಗಳು. ಅವನ್ನು ಯಾರೋ ಕೇಳಿ ಪಡೆದರು, ಇನ್ನಾರೋ ಕೈಯಿಂದ ಹಣ ಹಾಕಿ ಕಟ್ಟಿದರು. ಪುಣೆ, ಹೈದರಾಬಾದುಗಳಲ್ಲಿ ಇಂದು ನಮ್ಮ ಬಾಗಿಲಿಗೆ ಊಟದ ಪೊಟ್ಟಣ ತಂದು ನಿಲ್ಲುವ ಹುಡುಗನೂ ಯಾವುದೋ ಊರು ಬಿಟ್ಟು ಬಂದವನೇ. ಅವನಿಗೆ ಸಂಜೆಯ ಬಿಡುವು ಇದೆಯೇ, ಇದ್ದರೆ ಹೋಗಿ ಕೂರಲು ಬೆಂಚೊಂದು ಇದೆಯೇ ಎಂದು ಕೇಳಬೇಕಾದವರು, ಒಂದು ಕಾಲಕ್ಕೆ ಆ ಬೆಂಚಿನ ಮೇಲೆ ಕುಳಿತೇ ಮೇಲೆ ಬಂದವರ ಮಕ್ಕಳಾದ ನಾವು.