ಬರಗಾಲದಲ್ಲಿ ಹುಲ್ಲಿನ ಪಯಣ

ಬರಗಾಲವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಿರುಕುಬಿಟ್ಟ ಹೊಲ, ಬತ್ತಿದ ಕೆರೆ, ಬರಿದಾದ ಕಣಜ. ಮನುಷ್ಯನ ಹಸಿವಿನ ಕಥೆಯನ್ನು ಇತಿಹಾಸಕಾರರು ವಿಸ್ತಾರವಾಗಿಯೇ ಬರೆದಿದ್ದಾರೆ. ದನಕರುಗಳ ಹಸಿವಿನ ಕಥೆಗೆ ಅಷ್ಟು ಪುಟಗಳು ದೊರೆತಿಲ್ಲ. ಆದರೆ ಬೇಸಾಯಗಾರನ ಬಾಳಿನಲ್ಲಿ ಎರಡೂ ಒಂದೇ ಕಥೆ. ಬೆಳೆ ಹೋದರೆ ಒಂದು ವರ್ಷ ಹೋದೀತು. ಮಂದೆ ಹೋದರೆ ಅದನ್ನು ಮತ್ತೆ ಕಟ್ಟಲು ಹಲವು ವರ್ಷ ಬೇಕು.

ಧಾನ್ಯಕ್ಕೂ ಮೇವಿಗೂ ಒಂದು ದೊಡ್ಡ ಅಂತರವುಂಟು. ಒಂದು ಮೂಟೆ ಅಕ್ಕಿ ಒಂದು ಸಂಸಾರವನ್ನು ಕೆಲವು ವಾರ ಸಲಹೀತು. ಅಷ್ಟೇ ಜಾಗ ಹಿಡಿಯುವ ಒಣಹುಲ್ಲು ದೊಡ್ಡ ಹಸುವೊಂದಕ್ಕೆ ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ಹುಲ್ಲು ತೂಕದಲ್ಲಿ ಹಗುರ, ಗಾತ್ರದಲ್ಲಿ ಭಾರಿ. ದೂರ ಹೆಚ್ಚಿದಂತೆ ಸಾಗಿಸುವ ಬಾಡಿಗೆಯೇ ಹುಲ್ಲಿನ ಬೆಲೆಯನ್ನು ಮೀರಬಹುದು. ಹೀಗಾಗಿ, ದೇಶದ ಒಂದು ಮೂಲೆಯಲ್ಲಿ ಬಣವೆಗಳು ತುಂಬಿದ್ದರೂ ಇನ್ನೊಂದು ಮೂಲೆಯಲ್ಲಿ ದನಗಳು ಸಾಯಬಹುದು. ನಡುವೆ ಇರುವುದು ದಾರಿ. ಆ ದಾರಿಗೆ ಕಾಯಿದೆಗಳೂ ಉಂಟು. ಆ ಕಾಯಿದೆಗಳನ್ನು ಯಾವಾಗ, ಎಷ್ಟರಮಟ್ಟಿಗೆ ಸಡಿಲಿಸಬೇಕೆಂಬ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನಗಳು ಮತ್ತೆ ಮತ್ತೆ ಎದುರಿಸಿವೆ.

ಮೊದಲು ರೈಲಿನ ಕಾಲ. 1930ರ ಬೇಸಗೆಯಲ್ಲಿ ಓಹಾಯೋ, ಮಿಸಿಸಿಪ್ಪಿ ನದಿಗಳ ಕಣಿವೆಗಳಲ್ಲಿ ಮಳೆ ಕೈಕೊಟ್ಟಿತು. ಆರ್ಕನ್ಸಾ ರಾಜ್ಯವಂತೂ ಬಹಳ ಬಳಲಿತು. ಅಧ್ಯಕ್ಷ ಹರ್ಬರ್ಟ್ ಹೂವರ್ ಆಗಸ್ಟ್ ತಿಂಗಳಲ್ಲಿ ಬರಪೀಡಿತ ರಾಜ್ಯಗಳ ಗವರ್ನರುಗಳನ್ನು ವಾಷಿಂಗ್ಟನ್ನಿಗೆ ಕರೆಸಿ ಸಮಾಲೋಚಿಸಿದರು. ಬರದ ಸೀಮೆಗೆ ಹೋಗುವ ಮೇವಿನ ರೈಲು ಬಾಡಿಗೆಯನ್ನು ಅರ್ಧಕ್ಕೆ ಇಳಿಸಲಾಯಿತು.

ಬಾಡಿಗೆ ಇಳಿಸಲು ಸರ್ಕಾರದ ಅಪ್ಪಣೆ ಏಕೆ ಬೇಕಾಯಿತು ಎಂದು ಕೇಳಬಹುದು. ಹಿಂದೆ ರೈಲು ಕಂಪನಿಗಳು ದೊಡ್ಡ ವರ್ತಕರಿಗೆ ಗುಟ್ಟಾಗಿ ರಿಯಾಯಿತಿ ಕೊಟ್ಟು ಸಣ್ಣವರನ್ನು ಹಿಂಡುತ್ತಿದ್ದವು. ಅದನ್ನು ತಡೆಯಲೆಂದು 1887ರಲ್ಲಿ ಒಂದು ಕಾನೂನು ಮಾಡಿ, ಅಂತರರಾಜ್ಯ ವಾಣಿಜ್ಯ ಆಯೋಗವನ್ನು ಸ್ಥಾಪಿಸಿದ್ದರು. ಬಾಡಿಗೆಯ ದರವನ್ನು ಬಹಿರಂಗವಾಗಿ ಪ್ರಕಟಿಸಬೇಕು, ಒಬ್ಬರಿಗೊಂದು ಮತ್ತೊಬ್ಬರಿಗೊಂದು ಕೂಡದು ಎಂಬುದು ಅದರ ತಿರುಳು. ಬಡವನನ್ನು ಕಾಯಲು ಹುಟ್ಟಿದ ಕಾಯಿದೆಯೇ ಬರಗಾಲದಲ್ಲಿ ಬಡವನ ಹುಲ್ಲಿಗೆ ಅಡ್ಡ ನಿಂತಿತು! ಅದನ್ನು ಕಿತ್ತೊಗೆಯಲಿಲ್ಲ, ಆಯೋಗದ ಒಪ್ಪಿಗೆಯಿಂದ, ಗೊತ್ತುಮಾಡಿದ ಸೀಮೆಗಳಿಗೆ, ಗೊತ್ತುಮಾಡಿದ ಸರಕಿಗೆ ಮಾತ್ರ ಬಾಗಿಲು ತೆರೆದರು.

ಮೇವು ತಲುಪದಿದ್ದರೆ ಏನಾಗುವುದೆಂಬುದನ್ನು 1934 ತೋರಿಸಿತು. ಆ ವರ್ಷ ನಡುನಾಡಿನ ವಿಶಾಲ ಬಯಲುಗಳಲ್ಲಿ ಹುಲ್ಲು ಸುಟ್ಟುಹೋಯಿತು. ಸಾಕಲಾರದ ರೈತರಿಂದ ಸರ್ಕಾರವೇ ದನಗಳನ್ನು ಕೊಳ್ಳಲಾರಂಭಿಸಿ, 80 ಲಕ್ಷಕ್ಕೂ ಹೆಚ್ಚು ರಾಸುಗಳನ್ನು ಕೊಂಡಿತು. ಗಟ್ಟಿಯಾಗಿದ್ದವುಗಳ ಮಾಂಸವನ್ನು ಡಬ್ಬಿಗಳಲ್ಲಿ ತುಂಬಿ ನಿರುದ್ಯೋಗಿಗಳ ಸಂಸಾರಗಳಿಗೆ ಹಂಚಿದರು. ಅದಕ್ಕೂ ಒದಗದಷ್ಟು ಬಡಕಲಾದವನ್ನು ಅಲ್ಲಲ್ಲಿಯೇ ಕೊಂದು ಹೂಳಿದರು. ಹೆಸರಿಟ್ಟು ಸಾಕಿದ ಹಸುವನ್ನು ಹೀಗೆ ಒಪ್ಪಿಸಬೇಕಾದವನ ಸಂಕಟವನ್ನು ಬಿಡಿಸಿ ಹೇಳಬೇಕೆ?

ಅಷ್ಟರಲ್ಲಿ ಲಾರಿಯ ಯುಗ ಬಂದಿತ್ತು. 1935ರ ಮೋಟಾರು ಸಾಗಾಣಿಕೆ ಕಾನೂನು ಲಾರಿಗಳನ್ನೂ ಅದೇ ಆಯೋಗದ ಹತೋಟಿಗೆ ತಂದಿತು. ಡ್ರೈವರ್ ದಿನಕ್ಕೆ ಎಷ್ಟು ಗಂಟೆ ಲಾರಿ ನಡೆಸಬಹುದೆಂದು 1930ರ ದಶಕದ ಕೊನೆಗೆ ಮಿತಿ ಹಾಕಿದರು. ಇಂದು ಈ ಮಿತಿ 11 ಗಂಟೆ. ಅದಕ್ಕೆ ಮೊದಲು ಸತತ 10 ಗಂಟೆ ವಿರಾಮ ಕಡ್ಡಾಯ. ನಿದ್ದೆಗಣ್ಣಿನ ಡ್ರೈವರ್ ತನ್ನ ಪ್ರಾಣದ ಜೊತೆಗೆ ಎದುರು ಬರುವವರ ಪ್ರಾಣವನ್ನೂ ತೆಗೆಯಬಲ್ಲನಾದ್ದರಿಂದ ಈ ನಿಯಮ ಸಾಧುವೇ. ಆದರೆ ಸಾವಿರ ಮೈಲಿ ದೂರದಿಂದ ಹುಲ್ಲು ಬರಬೇಕೆನ್ನಿ. ಗಂಟೆಗೆ 50 ಮೈಲಿಯಂತೆ 20 ಗಂಟೆಯ ದಾರಿ. ನಿಯಮದಂತೆ ಅದು ಎರಡು ದಿನದ ಕೆಲಸ.

ಇನ್ನೊಂದು ಮಿತಿ ಲಾರಿಯ ಹೊರೆಯ ಅಗಲಕ್ಕೆ ಸಂಬಂಧಿಸಿದ್ದು. ಅಮೆರಿಕದಲ್ಲಿ ಹುಲ್ಲನ್ನು ಯಂತ್ರದಿಂದ ಸುತ್ತಿ ಗುಂಡನೆಯ ದೊಡ್ಡ ಉರುಳೆಗಳನ್ನು ಮಾಡುತ್ತಾರೆ. ಒಂದೊಂದೂ 5 ಅಥವಾ 6 ಅಡಿಯಷ್ಟು. ಹೆದ್ದಾರಿಯಲ್ಲಿ ಹೊರೆಯ ಅಗಲ ಎಂಟೂವರೆ ಅಡಿ ಮೀರಕೂಡದು. ಎರಡು ಉರುಳೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮಿತಿ ದಾಟಿತು. ಒಂದೇ ಸಾಲು ಇಟ್ಟರೆ ಅರ್ಧ ಜಾಗ ಖಾಲಿ, ಬಾಡಿಗೆ ಮಾತ್ರ ಪೂರ್ತಿ.

2010ರ ಅಕ್ಟೋಬರಿನಿಂದ 2011ರ ಸೆಪ್ಟೆಂಬರಿನವರೆಗಿನ 12 ತಿಂಗಳು ಟೆಕ್ಸಾಸಿನಲ್ಲಿ ಅದುವರೆಗಿನ ದಾಖಲೆಯಲ್ಲೇ ಅತ್ಯಂತ ಒಣ ವರ್ಷ. ಹುಲ್ಲು ದೂರದ ಉತ್ತರದ ರಾಜ್ಯಗಳಿಂದ ಬರಬೇಕಾಯಿತು. ವಿಶೇಷ ಪರವಾನಗಿಯಿಲ್ಲದೆ 12 ಅಡಿ ಅಗಲದವರೆಗೆ ಹುಲ್ಲು ಹೇರಬಹುದೆಂದು ಆ ರಾಜ್ಯ ಸಡಿಲಿಕೆ ಕೊಟ್ಟಿತು. ಉರುಳೆಗಳು ಜೋಡಿಯಾಗಿ ಕುಳಿತವು. ಒಂದು ಪಯಣದಲ್ಲಿ ಎರಡರಷ್ಟು ಹುಲ್ಲು ಬಂದಿತು. ಆದರೂ ಆ ಒಂದೇ ವರ್ಷದಲ್ಲಿ ಟೆಕ್ಸಾಸಿನ ಮಾಂಸದ ತಳಿಯ ಹಸುಗಳ ಸಂಖ್ಯೆ ಸುಮಾರು 6 ಲಕ್ಷ 60 ಸಾವಿರದಷ್ಟು ಇಳಿಯಿತು. ಬಾಡಿಗೆ ತೆರಲಾರದೆ, ಮೇವು ಸಾಲದೆ, ಎಷ್ಟೋ ಮಂದಿ ಮಂದೆಗಳನ್ನು ಮಾರಿಬಿಟ್ಟರು. ಮಂದೆ ಮಾರಿಹೋದ ಮೇಲೆ ಕೊಟ್ಟ ರಿಯಾಯಿತಿ ಯಾರಿಗೆ? ಬರಗಾಲವು ನೆರೆಯಂತೆ ಒಂದೇ ರಾತ್ರಿಯಲ್ಲಿ ಬರುವುದಿಲ್ಲ, ಮೆಲ್ಲಗೆ ಬರುತ್ತದೆ. ಆದುದರಿಂದಲೇ ಅಪ್ಪಣೆ ಹೊರಡುವಾಗ ಅನೇಕ ವೇಳೆ ಹೊತ್ತು ಮೀರಿರುತ್ತದೆ.

ಹಾಗೆಂದು ಕಾಯಿದೆಯನ್ನೇ ಮಲಗಿಸಿಬಿಡಬಹುದೆ? ಅಮೆರಿಕದವರು ಅದನ್ನೂ ಯೋಚಿಸಿದ್ದಾರೆ. ಆಪತ್ಕಾಲದ ಸಡಿಲಿಕೆ ಬಂದಾಗಲೂ ಲೈಸೆನ್ಸು, ಮದ್ಯ ಹಾಗೂ ಮಾದಕ ವಸ್ತುಗಳ ಪರೀಕ್ಷೆ, ವಿಮೆ ಇವು ಸಡಿಲವಾಗುವುದಿಲ್ಲ. ರಾಜ್ಯದ ಗವರ್ನರ್ ಘೋಷಿಸಿದ ತುರ್ತುಸ್ಥಿತಿಯಿಂದ ತಾನಾಗಿಯೇ ದೊರೆಯುವ ವಿನಾಯಿತಿಯ ಅವಧಿ ಮೊದಲು 30 ದಿನಗಳವರೆಗೆ ಇದ್ದಿತು. 2023ರಲ್ಲಿ ಅದನ್ನು 14 ದಿನಗಳಿಗೆ ಇಳಿಸಿದರು.

ಈ ಕಥೆಯನ್ನು ನೋಡುವಾಗ ಹಸಿದ ಹಸುವಿನೊಡನೆ ಇನ್ನೊಂದು ಜೀವವನ್ನೂ ನಾವು ನೆನೆಯಬೇಕು. ಗಂಟೆಯ ಮಿತಿ ತೆಗೆದಾಗ ಬರದ ಭಾರದ ಒಂದು ಪಾಲು ರೈತನ ಹೆಗಲಿನಿಂದ ಇಳಿದು ಡ್ರೈವರನ ಕಣ್ಣುರೆಪ್ಪೆಯ ಮೇಲೆ ಕೂರುತ್ತದೆ. ಅದಕ್ಕೆಂದೇ ಆ ನಿಯಮಗಳಲ್ಲಿ ಒಂದು ಮಾತು ಸೇರಿದೆ: ತನಗೆ ಈಗಲೇ ವಿಶ್ರಾಂತಿ ಬೇಕೆಂದು ಡ್ರೈವರ್ ತಿಳಿಸಿದರೆ, ಸಡಿಲಿಕೆಯ ಕಾಲದಲ್ಲಿಯೂ ಮಾಲೀಕನು ಅವನಿಗೆ ಬಿಡುವು ಕೊಡಲೇಬೇಕು. ಹುಲ್ಲಿಗೆ ದಾರಿ ಬಿಡುವ ಅಪ್ಪಣೆಯಷ್ಟೇ ಈ ಒಂದು ಮಾತೂ ಮುಖ್ಯವಾದುದು.